ವರಪ್ರಸಾದ ಮೊದಲು, ಸತ್ಕಾರ್ಯ ಅದರ ತೆನೆ

(ಮಾತೆ ಮರಿಯಮ್ಮನವರ ಜನನೋತ್ಸವದ ಚಿಂತನೆ – ಸೆಪ್ಟೆಂಬರ್ 8)



ಒಂಬತ್ತು ದಿನಗಳ ನೊವೆನಾ ಮುಗಿಸಿ ನಾವು ಮಾತೆ ಮರಿಯಮ್ಮನವರ ಹುಟ್ಟುಹಬ್ಬವನ್ನು ಆಚರಿಸುತ್ತೇವೆ. ಬೆಂಗಳೂರಿನ ಶಿವಾಜಿನಗರದಲ್ಲಿ ತೇರು ಹೊರಡುತ್ತದೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಕ್ಕಳು ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಇಂತಹ ಸಂಭ್ರಮದ ದಿನ ಧರ್ಮಸಭೆ ನಮಗೆ ಓದಿ ಹೇಳುವ ಶುಭಸಂದೇಶ ಯಾವುದು? ಸಂತ ಮತ್ತಾಯರ ಮೊದಲ ಅಧ್ಯಾಯದ ವಂಶಾವಳಿ! ಬರೀ ಹೆಸರುಗಳ ಉದ್ದನೆಯ ಪಟ್ಟಿ. ಓದುವ ಗುರುಗಳ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಆಕಳಿಕೆ ಬರುತ್ತದೆ.

ಆದರೆ ಆ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ಕೇಳೋಣ. ಅಲ್ಲಿ ಮಾವನನ್ನೇ ವಂಚಿಸಿ ಸಂತಾನ ಪಡೆದ ತಾಮಾರಳಿದ್ದಾಳೆ. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳಿದ್ದಾಳೆ. ಪರದೇಶದವಳಾದ ರೂತಳಿದ್ದಾಳೆ. ಊರೀಯನ ಹೆಂಡತಿಯನ್ನು ತನ್ನವಳನ್ನಾಗಿಸಿಕೊಂಡು, ಅವನನ್ನು ಕೊಲ್ಲಿಸಿದ ದಾವೀದನಿದ್ದಾನೆ. ನಮ್ಮ ಮನೆಯ ವಂಶಾವಳಿ ಬರೆಯುವಾಗ ಇಂಥವರ ಹೆಸರನ್ನು ನಾವು ಮೆಲ್ಲನೆ ಬಿಟ್ಟುಬಿಡುತ್ತೇವೆ. ದೇವರು ಬಿಡಲಿಲ್ಲ. ಅವರ ಪುಣ್ಯಕಾರ್ಯಗಳಿಗೆ ಪ್ರತಿಫಲವಾಗಿ ರಕ್ಷಕ ಹುಟ್ಟಿ ಬರಲಿಲ್ಲ. ದೇವರ ಕೃಪೆಯಿಂದ ಬಂದರು.

ಹಬ್ಬದ ದಿನ ನಾವು ಕಲಿಯಬೇಕಾದ ಪಾಠ ಇದೇ: ಮೊದಲು ವರಪ್ರಸಾದ, ಆಮೇಲೆ ಸತ್ಕಾರ್ಯ.

ಕೂಲಿಯೋ? ಪ್ರಸಾದವೋ?

'ವರಪ್ರಸಾದ' ಎಂಬುದು ಎಷ್ಟು ಸೊಗಸಾದ ಪದ! ಜಪಸರದಲ್ಲಿ ದಿನವೂ ಹೇಳುವ ಪದ. ವರವೂ ಕೊಡುವವನ ಇಚ್ಛೆ, ಪ್ರಸಾದವೂ ಕೊಡುವವನ ಇಚ್ಛೆ. ಕೂಲಿಯನ್ನು ದುಡಿದು ಪಡೆಯುತ್ತೇವೆ, ಪ್ರಸಾದಕ್ಕೆ ಕೈಯೊಡ್ಡುತ್ತೇವೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಈ ವ್ಯತ್ಯಾಸವನ್ನೇ ತೋರಿಸುತ್ತಾರೆ. ದೇವರೊಡನೆ ಸತ್ಸಂಬಂಧ ನಮಗೆ ಸಲ್ಲಬೇಕಾದ ಕೂಲಿಯಲ್ಲ, ಅದು ಅವರ ಉಚಿತ ದಾನ.

ಮಾತೆ ಮರಿಯಮ್ಮನವರನ್ನೇ ನೋಡಿ. ಡಿಸೆಂಬರ್ 8ರಂದು ಅವರ ಅಮಲೋದ್ಭವದ ಹಬ್ಬ. ಅದಾಗಿ ಸರಿಯಾಗಿ ಒಂಬತ್ತು ತಿಂಗಳಿಗೆ ಈ ಜನನೋತ್ಸವ. 1854ರಲ್ಲಿ ಜಗದ್ಗುರು ಒಂಬತ್ತನೇ ಪಿಯುಸ್‌ರವರು ಈ ವಿಶ್ವಾಸ ಸತ್ಯವನ್ನು ಘೋಷಿಸಿದಾಗ, ಮರಿಯಮ್ಮನವರು ಜನ್ಮಪಾಪದಿಂದ ಮುಕ್ತರಾದದ್ದು ಕ್ರಿಸ್ತರ ಪುಣ್ಯಫಲದಿಂದ ಎಂದು ಸ್ಪಷ್ಟಪಡಿಸಿದರು. ಒಂದೇ ಒಂದು ಸತ್ಕಾರ್ಯ ಮಾಡುವ ಮೊದಲೇ ಅವರು ವರಪ್ರಸಾದದಿಂದ ತುಂಬಿದ್ದರು.

ನಮ್ಮ ಕೂಸುಗಳಿಗೆ ದೀಕ್ಷಾಸ್ನಾನ ಕೊಡಿಸುವಾಗಲೂ ಇದೇ ಆಗುತ್ತದೆ. ಆ ಮಗು ಏನು ಪುಣ್ಯ ಮಾಡಿದೆ? ಅಳುವುದು, ಹಾಲು ಕುಡಿಯುವುದು, ಇಷ್ಟೇ. ಆದರೂ ಅದು ದೇವರ ಮಗುವಾಗುತ್ತದೆ.

ಎರಡು ತಪ್ಪು ದಾರಿಗಳು

ಆದರೂ ದೊಡ್ಡವರಾದ ನಾವು ದೇವರೊಡನೆ ಲೆಕ್ಕದ ಪುಸ್ತಕ ಇಡಲು ತೊಡಗುತ್ತೇವೆ. "ಫಾದರ್, ಇಷ್ಟು ವರ್ಷ ಒಂದು ಭಾನುವಾರವೂ ಪೂಜೆ ತಪ್ಪಿಸಿಲ್ಲ. ನನ್ನ ಮಗನಿಗೇ ಯಾಕೆ ಈ ಕಾಯಿಲೆ?" ಈ ಕಣ್ಣೀರನ್ನು ಹಗುರವಾಗಿ ಕಾಣಬಾರದು. ಆದರೆ ಆ ಪ್ರಶ್ನೆಯ ಒಳಗೆ ಒಂದು ತಪ್ಪು ತಿಳಿವಳಿಕೆ ಇದೆ. ನಾನು ಕೊಟ್ಟೆ, ಆದ್ದರಿಂದ ದೇವರು ಕೊಡಬೇಕು ಎಂಬುದು. ಹಾಗಾದರೆ ಕಾಯಿಲೆ ಬಂದ ಮನೆಯವರೆಲ್ಲ ಲೆಕ್ಕದಲ್ಲಿ ಸೋತವರೇ? ಖಂಡಿತ ಅಲ್ಲ. ಶಿಲುಬೆಯ ಕೆಳಗೆ ನಿಂತ ತಾಯಿ ವರಪ್ರಸಾದವನ್ನು ಕಳೆದುಕೊಂಡಿರಲಿಲ್ಲ.

ಇದೇ ಲೆಕ್ಕ ಇನ್ನೊಬ್ಬರನ್ನು ದೇವಾಲಯದ ಬಾಗಿಲಲ್ಲೇ ನಿಲ್ಲಿಸುತ್ತದೆ. "ಕುಡಿತ ಬಿಟ್ಟ ಮೇಲೆ ಬರುತ್ತೇನೆ ಫಾದರ್, ಈಗ ಯಾವ ಮುಖ ಹೊತ್ತು ಬರಲಿ?" ಸ್ನಾನ ಮಾಡಿ ಶುದ್ಧನಾದ ಮೇಲೆ ಹೊಳೆಗೆ ಇಳಿಯುತ್ತೇನೆ ಎಂದಂತಾಯಿತು! ಜಕ್ಕಾಯನ ಕಥೆಯನ್ನು ನೆನೆಯೋಣ (ಲೂಕ 19:1-10). ಆಸ್ತಿಯ ಅರ್ಧವನ್ನು ಬಡವರಿಗೆ ಹಂಚಿದರೆ ನಿನ್ನ ಮನೆಗೆ ಬರುತ್ತೇನೆ ಎಂದು ಯೇಸು ಷರತ್ತು ಹಾಕಲಿಲ್ಲ. ಮೊದಲು ಅತಿಥಿಯಾಗಿ ಬಂದರು. ಆಮೇಲೆ ಜಕ್ಕಾಯನ ಕೈ ತಾನಾಗಿ ಬಿಚ್ಚಿಕೊಂಡಿತು.

ಎರಡನೆಯ ತಪ್ಪು ದಾರಿ ಇದಕ್ಕೆ ತದ್ವಿರುದ್ಧ. "ದೇವರು ದಯಾಮಯ, ಎಲ್ಲ ಕ್ಷಮಿಸುತ್ತಾರೆ" ಎಂದು ಕೈಕಟ್ಟಿ ಕೂರುವುದು. ಒಂದೇ ದೇವಾಲಯದಲ್ಲಿ ಪರಮಪ್ರಸಾದ ಸ್ವೀಕರಿಸುವ ಅಣ್ಣ ತಮ್ಮಂದಿರು ಜಮೀನಿನ ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಸಂತ ಯಕೋಬರು ಇಂಥವರನ್ನು ನೇರವಾಗಿ ಪ್ರಶ್ನಿಸುತ್ತಾರೆ: ಹಸಿದು ಬಂದವನಿಗೆ ಅನ್ನ ಬಟ್ಟೆ ಕೊಡದೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ? ಕ್ರಿಯೆ ಇಲ್ಲದ ವಿಶ್ವಾಸ ಸತ್ತದ್ದು ಎನ್ನುತ್ತಾರೆ (ಯಕೋಬ 2:14-17).

ಧರ್ಮಸಭೆಯ ಬೋಧನೆ

ಹಾಗಾದರೆ ಪೌಲರಿಗೂ ಯಕೋಬರಿಗೂ ಜಗಳವೇ? ಇಲ್ಲ. ಎಫೆಸ ಪತ್ರದ 2ನೇ ಅಧ್ಯಾಯದ 8, 9 ಮತ್ತು 10ನೇ ವಚನಗಳನ್ನು ಒಟ್ಟಿಗೆ ಓದಬೇಕು. ನಮ್ಮ ಉದ್ಧಾರ ಕೃಪೆಯಿಂದ, ನಮ್ಮ ಕಾರ್ಯಗಳಿಂದಲ್ಲ ಎಂದು ಮೊದಲೆರಡು ವಚನಗಳು ಹೇಳುತ್ತವೆ. ಸತ್ಕಾರ್ಯಗಳನ್ನು ಮಾಡಲೆಂದೇ ನಾವು ಕ್ರಿಸ್ತರಲ್ಲಿ ಸೃಷ್ಟಿಯಾದೆವು ಎಂದು ಮೂರನೆಯದು ಹೇಳುತ್ತದೆ. ಸತ್ಕಾರ್ಯ ನಮ್ಮ ಉದ್ಧಾರದ ಬೇರಲ್ಲ, ಫಲ.

ಮನುಷ್ಯ ತನ್ನ ಸ್ವಂತ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಎಂದು ಪೆಲಾಜಿಯುಸ್ ಬೋಧಿಸಿದಾಗ ಸಂತ ಅಗಸ್ಟೀನರು ಅದನ್ನು ಎದುರಿಸಿದರು; ಕ್ರಿ.ಶ. 418ರ ಕಾರ್ಥೇಜ್ ಸಮ್ಮೇಳನ ಆ ಬೋಧನೆಯನ್ನು ತಳ್ಳಿಹಾಕಿತು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಇದೇ ವಿಷಯಕ್ಕೆ ಕ್ರೈಸ್ತರು ಒಡೆದು ಹೋಳಾದರು. 1547ರಲ್ಲಿ ಟ್ರೆಂಟ್ ಮಹಾಸಭೆ ಎರಡನ್ನೂ ಹೇಳಿತು: ಕೃಪೆಯಿಲ್ಲದೆ ಯಾರೂ ದೇವರ ಮುಂದೆ ನೀತಿವಂತರಾಗಲಾರರು, ಆದರೆ ಆ ಕೃಪೆಗೆ ಮನುಷ್ಯ ಮುಕ್ತ ಮನಸ್ಸಿನಿಂದ ಸಹಕರಿಸಬೇಕು.

ಸಂತೋಷದ ಸಂಗತಿಯೆಂದರೆ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಅದರಲ್ಲಿ ಸೇರಿಕೊಂಡವು. ಎಲ್ಲ ಭಿನ್ನಾಭಿಪ್ರಾಯಗಳೂ ಮುಗಿದಿಲ್ಲ, ನಿಜ. ಆದರೂ "ಕಥೋಲಿಕರು ಪುಣ್ಯ ಮಾಡಿ ಸ್ವರ್ಗ ಕೊಳ್ಳುತ್ತಾರೆ" ಎಂದು ಯಾರಾದರೂ ಹೇಳಿದರೆ, ಹಾಗಲ್ಲ ಎಂದು ನಾವು ಪ್ರೀತಿಯಿಂದ ತಿಳಿಸಬಹುದು.

ಹಾಗಾದರೆ ನಮ್ಮ ಸತ್ಕಾರ್ಯಗಳಿಗೆ ಬೆಲೆಯೇ ಇಲ್ಲವೇ? ಇದೆ. ತಾಯಿ ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಾಳೆ. ಬರೆದದ್ದು ಯಾರು? "ನನ್ನ ಮಗ ಬರೆದ" ಎಂದು ತಾಯಿ ಬೀದಿಗೆಲ್ಲ ತೋರಿಸುತ್ತಾಳೆ. ಮಗುವಿಗೆ ಮಾತ್ರ ಗೊತ್ತು, ಅಮ್ಮನ ಕೈ ಇಲ್ಲದಿದ್ದರೆ ಅದು ಬರೀ ಗೀಚು. ನಮ್ಮ ಪುಣ್ಯಗಳಿಗೆ ಕಿರೀಟ ತೊಡಿಸುವಾಗ ದೇವರು ತಮ್ಮ ವರದಾನಗಳಿಗೇ ಕಿರೀಟ ತೊಡಿಸುತ್ತಾರೆ ಎಂಬ ಸಂತ ಅಗಸ್ಟೀನರ ಬೋಧನೆಯ ಅರ್ಥ ಇದೇ.

ಬರಿಗೈಯ ಸಂತಳು

ಲಿಸ್ಯೂ ನಗರದ ಸಂತ ತೆರೇಸಮ್ಮನವರು 1895ರಲ್ಲಿ ತಮ್ಮನ್ನು ದೇವರಿಗೆ ಅರ್ಪಿಸಿಕೊಂಡ ಪ್ರಾರ್ಥನೆಯಲ್ಲಿ, ಬಾಳಿನ ಸಂಜೆಯಲ್ಲಿ ತಾನು ಬರಿಗೈಯಲ್ಲಿ ದೇವರ ಮುಂದೆ ನಿಲ್ಲುವುದಾಗಿ ಹೇಳಿದರು. ತನ್ನ ಕಾರ್ಯಗಳನ್ನು ಎಣಿಸಬೇಡಿ ಎಂದು ಬೇಡಿದರು. ಹಾಗೆಂದು ಅವರ ಕೈ ಸುಮ್ಮನಿತ್ತೇ? ಮಠದಲ್ಲಿ ಸದಾ ಗೊಣಗುತ್ತಿದ್ದ ವೃದ್ಧ ಭಗಿನಿಯೊಬ್ಬರನ್ನು ಪ್ರತಿ ಸಂಜೆ ನಡೆಸಿಕೊಂಡು ಊಟದ ಕೋಣೆಗೆ ಕರೆದೊಯ್ಯುತ್ತಿದ್ದವರು ಅವರೇ. ದುಡಿದ ಕೈಯನ್ನೂ ಅವರು ಬರಿಗೈ ಎಂದೇ ಕರೆದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡ ಅವರನ್ನು 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ತೆನೆ ಹೇಳುವ ಪಾಠ

ಹಬ್ಬದ ತೆನೆಯನ್ನು ಕೈಗೆತ್ತಿಕೊಂಡು ನೋಡಿ. ಮಳೆಯನ್ನು ರೈತ ತರಲಿಲ್ಲ. ಬೀಜದೊಳಗಿನ ಜೀವವನ್ನು ಅವನು ಇಡಲಿಲ್ಲ. ಆದರೆ ಅವನು ಉಳದೆ, ನಾಟಿ ಮಾಡದೆ, ಕಳೆ ಕೀಳದೆ ಇದ್ದಿದ್ದರೆ ಈ ತೆನೆ ನಮ್ಮ ಕೈಗೆ ಬರುತ್ತಿರಲಿಲ್ಲ. ಕಾಳು ತುಂಬಿದಷ್ಟೂ ತೆನೆ ಬಾಗುತ್ತದೆ. ಕೃಪೆಯಿಂದ ತುಂಬಿದವರೂ ಹಾಗೆಯೇ.

ವರಪ್ರಸಾದ ಪೂರ್ಣೆಯಾದ ಮರಿಯಮ್ಮನವರು ದೇವದೂತನ ಸಂದೇಶ ಪಡೆದ ಮೇಲೆ ಮನೆಯಲ್ಲೇ ಕೂರಲಿಲ್ಲ. ಬೆಟ್ಟದ ದಾರಿ ಹಿಡಿದು, ಬಸುರಿಯಾಗಿದ್ದ ಎಲಿಜಬೇತಮ್ಮನವರ ಮನೆಗೆ ಅವಸರದಿಂದ ಹೋದರು. ನಾವೂ ಹಬ್ಬದೂಟಕ್ಕೆ ಕೂರುವ ಮುನ್ನ, ಮಾತು ಬಿಟ್ಟ ಅಣ್ಣನ ಮನೆಗೆ ಒಂದು ತೆನೆ ಹಿಡಿದು ಹೋಗೋಣ. ದೇವಾಲಯಕ್ಕೆ ಬರಲು ನಾಚುವ ನೆರೆಯವನಿಗೆ, "ಬಾರಪ್ಪ, ಇದ್ದ ಹಾಗೇ ಬಾ, ಜೊತೆಯಲ್ಲಿ ಹೋಗೋಣ" ಎಂದು ಕರೆಯೋಣ. ಪಾಪನಿವೇದನೆಯ ಸಂಸ್ಕಾರ ಅವನಿಗಾಗಿಯೇ ಕಾದಿದೆ, ನಮಗಾಗಿಯೂ ಕಾದಿದೆ.

ಕೊಟ್ಟದ್ದನ್ನು ಎಣಿಸದೆ, ಪಡೆದದ್ದನ್ನು ಮರೆಯದೆ ಬಾಳುವ ವರವನ್ನು ಮಾತೆ ಮರಿಯಮ್ಮನವರು ತಮ್ಮ ಪುತ್ರರಿಂದ ನಮ್ಮೆಲ್ಲರ ಕುಟುಂಬಗಳಿಗೆ ದೊರಕಿಸಿಕೊಡಲಿ. ಆಮೆನ್.