ಅಜ್ಜಿಯ ಹಳೇ ಸೀರೆ ಅಂಗಡಿಯಲ್ಲಿ ಸಿಗೋದಿಲ್ಲ!

ಅಕ್ಕನಿಗೆ ಮಣಿಪಾಲದಲ್ಲಿ ಹೆಣ್ಣುಮಗು ಹುಟ್ಟಿದ ದಿನವೇ ನಾನು ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಒಂದು ಬೇಬಿ ಬ್ಲಾಂಕೆಟ್ ಕಳಿಸಿದ್ದೆ. ಎರಡು ವಾರ ಬಿಟ್ಟು ಕಾಪುವಿನ ಮನೆಗೆ ಹೋದರೆ ಅದು ಪ್ಯಾಕೆಟ್ ಸಹ ಬಿಚ್ಚದೆ ಕಪಾಟಿನ ಮೇಲಿತ್ತು. ಮಗು ಮಲಗಿದ್ದು, ಹಳೇ ಸೀರೆಯನ್ನು ನಾಲ್ಕು ಪದರ ಮಾಡಿ ಕೈಯಲ್ಲೇ ಹೊಲಿದ ಬಟ್ಟೆಯ ಮೇಲೆ.

"ಹೊಸ ಬಟ್ಟೆ ಮಗುವಿಗೆ ಚುಚ್ತದೆ ಮಾರಾಯ" ಅಂದರು ಅಮ್ಮ. ಮೊದಲ ಪುಳ್ಳಿ ಬಂದ ಖುಷಿ. ನಮ್ಮ ಕಡೆ ಮೊಮ್ಮಕ್ಕಳಿಗೆ ಹಾಗೇ ಹೇಳೋದು. ಆ ಖುಷಿಯಲ್ಲಿ ಸೊಂಟನೋವನ್ನೂ ಮರೆತು ರಾತ್ರಿ ಕೂತು ಹೊಲಿದಿದ್ದರು.

ಹೊಲಿದದ್ದು ನನ್ನ ಅಜ್ಜಿಯ ಉಡುಪಿ ಸೀರೆ. "ಇದೇ ಕೊನೇದು. ಇನ್ನು ಇಲ್ಲ" ಅಂತ ಸೇರಿಸಿದರು. ಅಮ್ಮನ ಕಪಾಟು ತುಂಬ ಸೀರೆಗಳಿವೆ. ಆದರೆ ಬಹುಪಾಲು ಸಿಂಥೆಟಿಕ್.

ಹಳತಾದರೆ ಮೆತ್ತಗಾಗೋದು ಯಾಕೆ?

ಎಂಜಿನಿಯರಿಂಗ್ ಓದಿದವನ ಚಟ, ಕಾರಣ ಹುಡುಕಿದೆ. ಹತ್ತಿ ನೂಲನ್ನು ನೇಯುವ ಮೊದಲು ಗಂಜಿ ಹಾಕಿ ಗಟ್ಟಿ ಮಾಡುತ್ತಾರೆ. ಒಗೆದಂತೆಲ್ಲ ಆ ಗಂಜಿ ಹೋಗುತ್ತದೆ. ಉಟ್ಟು, ಒಗೆದು, ಒಣಗಿಸಿ ವರ್ಷಗಳಾದಂತೆ ನೂಲು ಸಡಿಲವಾಗಿ ಮೈಗೆ ಒಗ್ಗುತ್ತದೆ. ಜೊತೆಗೆ ನೀರು ಹೀರುವ ಗುಣ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು 8% ತೇವ ಹಿಡಿದಿಟ್ಟರೆ, ಪಾಲಿಸ್ಟರ್ ಹಿಡಿಯೋದು 0.4% ಮಾತ್ರ. ಕರಾವಳಿಯ ಬೆವರಿಗೆ, ಗಳಿಗೆಗೊಮ್ಮೆ ಒದ್ದೆ ಮಾಡುವ ಮಗುವಿಗೆ ಯಾವುದು ಬೇಕು ಅಂತ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಉಡುಪಿ ಸೀರೆಗೆ ಹೆಚ್ಚಾಗಿ ಬಳಸೋದು 60, 80 ಕೌಂಟ್‌ನ ನೂಲು. ಕೌಂಟ್ ಹೆಚ್ಚಿದಷ್ಟೂ ನೂಲು ತೆಳು. 60 ಕೌಂಟ್‌ನ ಒಂದು ಕೆ.ಜಿ. ನೂಲು ಬಿಡಿಸಿದರೆ ಸುಮಾರು 100 ಕಿ.ಮೀ. ಉದ್ದ. ಅಂದರೆ ನಾಲ್ಕು ಕೆ.ಜಿ. ನೂಲು ಉಡುಪಿಯಿಂದ ಬೆಂಗಳೂರಿಗೆ ಮುಟ್ಟುತ್ತದೆ!

ಕೊಂಡಿ ಕಳಚಿದ್ದು ಎಲ್ಲಿ?

19ನೇ ಶತಮಾನದಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ನಡೆಸಿತು. ಮುಂದೆ ನೇಕಾರರ ಸಹಕಾರಿ ಸಂಘಗಳು ಬಂದವು. ಆಮೇಲೆ ಬಂದದ್ದು ಪವರ್‌ಲೂಮ್, ಅಗ್ಗದ ಪಾಲಿಸ್ಟರ್. ದಿನವಿಡೀ ಮಗ್ಗದಲ್ಲಿ ಕೂತರೂ ಸಿಗುವ ಮಜೂರಿ ಕಡಿಮೆ. ನೇಕಾರರ ಮಕ್ಕಳು ಬೇರೆ ಕೆಲಸ ನೋಡಿಕೊಂಡರು. ಅವರನ್ನು ದೂರುವಂತಿಲ್ಲ. ನಾನೂ ಊರು ಬಿಟ್ಟವನೇ.

ಉಡುಪಿ ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಮಾನ್ಯತೆ ಮಗ್ಗದಲ್ಲಿ ಕೂತು ನೇಯುವುದಿಲ್ಲವಲ್ಲ. ನೇಯುವವರನ್ನು ಮತ್ತೆ ಮಗ್ಗಕ್ಕೆ ಕರೆತರುವ ಕೆಲಸವನ್ನು ಕಾರ್ಕಳದ ಕದಿಕೆ ಟ್ರಸ್ಟ್ ಮಾಡುತ್ತಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಕೆಲವೇ ಹಿರಿಯರು ಉಳಿದಿದ್ದಾಗ, ಹಳಬರನ್ನು ವಾಪಸ್ ಕರೆದು, ಹೊಸಬರಿಗೆ ಕಲಿಸಿ, ಸೀರೆಗೆ ಮಾರುಕಟ್ಟೆ ಹುಡುಕಿಕೊಟ್ಟಿತು. ಕದಿಕೆ ಅಂದರೆ ನೂಲಿನ ಲಡಿ.

ಕೈಮಗ್ಗದ ಬಗ್ಗೆ ಮಾತಾಡುವಾಗ ನಾವು ನೇಕಾರರ ಬದುಕು, ಪರಂಪರೆ ಅನ್ನುತ್ತೇವೆ. ಅದು ಸರಿಯೇ. ಆದರೆ ನಷ್ಟ ನಮ್ಮ ಮನೆಯೊಳಗೂ ಆಗಿದೆ. ಅಜ್ಜಿ ಪುಳ್ಳಿಗೆ ಕೊಡುವ ಈ ಉಡುಗೊರೆ ತಯಾರಾಗಲು ಮೂವತ್ತು ವರ್ಷ ಬೇಕು. ಯಾರಾದರೂ ಇವತ್ತು ಹತ್ತಿ ಸೀರೆ ನೇಯ್ದು, ಇನ್ಯಾರೋ ಅದನ್ನು ಉಟ್ಟು ಸವೆಸಿದರೆ ಮಾತ್ರ ಮುಂದೊಂದು ದಿನ ಹೊಲಿಯಲು ಬಟ್ಟೆ ಇರುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಅಮ್ಮನಿಗೊಂದು ಉಡುಪಿ ಸೀರೆ ಕೊಂಡುಹೋದೆ. ಕಪಾಟಿನಲ್ಲಿ ಇಡಬಾರದು, ಉಟ್ಟು ಹಳತು ಮಾಡಬೇಕು ಅಂತ ಷರತ್ತನ್ನೂ ಹಾಕಿದೆ.

ಅಮ್ಮ ಸೆರಗು ಬಿಡಿಸಿ ನೋಡಿದರು. "ಅಡ್ಡಿಲ್ಲ. ನೀನು ಮದುವೆ ಆಗುವಷ್ಟರಲ್ಲಿ ಹೇಗೂ ಹಳತಾಗ್ತದೆ" ಅಂದರು.