ಪರದೇಶದಲ್ಲಿ ಸ್ವಯಂಸೇವೆ: ವನ್ಯಮೃಗಗಳ ರಕ್ಷಣೆಯೂ ಗ್ರಾಮಾಭಿವೃದ್ಧಿಯೂ

ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜು ಸೇರಿರುವ ಭದ್ರಾವತಿಯ ಹುಡುಗಿಯೊಬ್ಬಳು ಈಚೆಗೆ ನನ್ನನ್ನು ಕಾಣಲು ಬಂದಿದ್ದಳು. ಆಫ್ರಿಕಾ ಖಂಡದಲ್ಲಿ ಸಿಂಹದ ಮರಿಗಳನ್ನು ಸಾಕುವ ಒಂದು ಸ್ಥಳದಲ್ಲಿ ತಿಂಗಳ ಕಾಲ ಸೇವೆ ಮಾಡಬೇಕೆಂಬುದು ಅವಳ ಅಭಿಲಾಷೆ. ಸೇವೆ ಮಾಡುವವರೇ ಅಲ್ಲಿಗೆ ಹಣ ತೆರಬೇಕು. ಅದಕ್ಕಾಗಿ ತಂದೆ ಸಾಲ ಮಾಡಲು ಸಿದ್ಧರಾಗಿದ್ದರು. "ಹೋಗಲೇ ಟೀಚರ್, ಬೇಡವೇ?" ಎಂದು ಕೇಳಿದಳು. ಒಂದೇ ಮಾತಿನಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಅವಳಿಗೆ ಹೇಳಿದುದನ್ನೇ, ಅಂಥ ಆಸೆಯುಳ್ಳ ಇತರ ವಿದ್ಯಾರ್ಥಿನಿಯರಿಗೂ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತೇನೆ.

ಪರದೇಶಕ್ಕೆ ಹೋಗಿ ಕೂಲಿಯಿಲ್ಲದೆ ದುಡಿಯುವ ಪದ್ಧತಿ ಹೊಸದೇನೂ ಅಲ್ಲ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲ್ ಎಂಬವರು ಕೆಲವರು ಸಂಗಡಿಗರನ್ನು ಕೂಡಿಸಿಕೊಂಡು, ಫ್ರಾನ್ಸಿನ ವೆರ್ದನ್ ಬಳಿಯ ಹಾಳಾದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹೊರಟರು. 1934ರ ಬಿಹಾರದ ಭೂಕಂಪದ ತರುವಾಯ ಅವರು ನಮ್ಮ ದೇಶಕ್ಕೂ ಬಂದು, ಮನೆ ಕಳೆದುಕೊಂಡವರ ನಡುವೆ ಕೆಲಸ ಮಾಡಿದರು. 1961ರಲ್ಲಿ ಆರಂಭವಾದ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ತರುಣ ತರುಣಿಯರು 1976ರವರೆಗೆ ಭಾರತದಲ್ಲಿದ್ದರು. ಅವರಲ್ಲಿ ಕೆಲವರು ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಕನ್ನಡ ಕಲಿತು ದುಡಿದರು. 1970ರಲ್ಲಿ ವಿಶ್ವಸಂಸ್ಥೆಯೇ ತನ್ನದೊಂದು ಸ್ವಯಂಸೇವಕ ಸಂಘಟನೆಯನ್ನು ಏರ್ಪಡಿಸಿತು. ಇದರಲ್ಲಿ ಆರಿಸಿಕೊಂಡವರಿಗೆ ಜೀವನವೆಚ್ಚವನ್ನು ಕೊಡುತ್ತಾರಲ್ಲದೆ ಅವರಿಂದ ಹಣವನ್ನು ಕೇಳುವುದಿಲ್ಲ.

ಹಾಗಾದರೆ ವನ್ಯಮೃಗಗಳ ರಕ್ಷಣೆಯಲ್ಲಿ ಸ್ವಯಂಸೇವಕರು ಮಾಡುವ ಕೆಲಸವೇನು? ಮೃಗಗಳನ್ನು ಮುದ್ದಿಸುವುದೆಂದು ಅನೇಕರ ಭಾವನೆ. ನಿಜವಾದ ಕೆಲಸದ ಬಹುಭಾಗವು ನಡೆಯುವುದು, ಎಣಿಸುವುದು, ಬರೆದಿಡುವುದು. ಇದನ್ನು ಕಾಣಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಚಿಕ್ಕಮಗಳೂರು ಶಿವಮೊಗ್ಗೆ ಜಿಲ್ಲೆಗಳಲ್ಲಿ ಹಬ್ಬಿರುವ ಭದ್ರಾ ಅರಣ್ಯವು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ನಮ್ಮ ಶಿವರಾಮ ಕಾರಂತರ ಮಗ ಡಾ. ಉಲ್ಲಾಸ ಕಾರಂತರು ನಾಗರಹೊಳೆ, ಭದ್ರಾ ಮೊದಲಾದ ಕಾಡುಗಳಲ್ಲಿ ಮೃಗಗಳ ಗಣತಿಯನ್ನು ಶಾಸ್ತ್ರೀಯವಾಗಿ ಮಾಡಿಸಿದಾಗ, ನಾನಾ ವೃತ್ತಿಗಳ ಸಾಮಾನ್ಯ ಜನರನ್ನು ಅದಕ್ಕೆ ತರಬೇತು ಮಾಡಿದರು. ಇಬ್ಬಿಬ್ಬರು ಜೊತೆಯಾಗಿ ಬೆಳಕು ಹರಿಯುವ ಹೊತ್ತಿಗೆ ಕಾಡಿನೊಳಗೆ ಮೊದಲೇ ಗೊತ್ತುಮಾಡಿದ ನೇರವಾದ ದಾರಿಯಲ್ಲಿ ಸದ್ದಿಲ್ಲದೆ ನಡೆಯುತ್ತಾರೆ. ಜಿಂಕೆಯೋ ಕಡವೆಯೋ ಕಾಟಿಯೋ ಕಂಡರೆ, ಎಷ್ಟು ಮೃಗಗಳಿವೆ, ಎಷ್ಟು ದೂರದಲ್ಲಿವೆ, ದಾರಿಗೆ ಯಾವ ಕೋನದಲ್ಲಿವೆ ಎಂಬುದನ್ನು ಅಳೆದು ಬರೆಯುತ್ತಾರೆ. ಇಂಥ ಸಾವಿರಾರು ಅಳತೆಗಳನ್ನು ಕೂಡಿಸಿ, ಕಣ್ಣಿಗೆ ಬೀಳದೆ ಉಳಿದ ಮೃಗಗಳನ್ನೂ ಸೇರಿಸಿ ಅಂದಾಜು ಮಾಡುವುದು ಗಣಿತಶಾಸ್ತ್ರದ ಕೆಲಸ. ಹುಲಿಗಾದರೆ ಬೇರೆ ಉಪಾಯವುಂಟು. ಒಂದು ಹುಲಿಯ ಪಟ್ಟೆಗಳಂತೆ ಇನ್ನೊಂದರ ಪಟ್ಟೆಗಳಿರುವುದಿಲ್ಲ. ಆದುದರಿಂದ ದಾರಿಯ ಎರಡು ಪಕ್ಕಗಳಲ್ಲಿಯೂ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಟ್ಟಿ, ಅದರ ಎಡಬಲ ಮೈಗಳನ್ನು ಹಿಡಿದರೆ, ಒಂದೊಂದು ಹುಲಿಯನ್ನೂ ಗುರುತಿಸಬಹುದು.

ಇನ್ನು ಗ್ರಾಮಾಭಿವೃದ್ಧಿಗೂ ಮೃಗರಕ್ಷಣೆಗೂ ಏನು ಸಂಬಂಧವೆಂದು ಕೇಳಬಹುದು. ಇದಕ್ಕೂ ಭದ್ರಾ ಅರಣ್ಯವೇ ಉತ್ತಮ ನಿದರ್ಶನ. ಈ ಕಾಡಿನೊಳಗಿದ್ದ ಹಳ್ಳಿಗಳ ಜನರು ಬಹು ಕಷ್ಟದಲ್ಲಿದ್ದರು. ಬೆಳೆದ ಪೈರು ಆನೆ ಹಂದಿಗಳ ಪಾಲಾಗುತ್ತಿತ್ತು. ಆಸ್ಪತ್ರೆ, ಪ್ರೌಢಶಾಲೆಗಳು ದೂರ. ಇತ್ತ ಅವರ ದನಕರುಗಳಿಂದ ಮೃಗಗಳ ಮೇವಿಗೂ ಕುಂದಾಗುತ್ತಿತ್ತು. 2002ರ ಸುಮಾರಿಗೆ 419 ಕುಟುಂಬಗಳು ಕಾಡನ್ನು ಬಿಟ್ಟು ಹೊರಬಂದವು. ಅವರಲ್ಲಿ ಹೆಚ್ಚಿನವರಿಗೆ ಲಕ್ಕವಳ್ಳಿಯ ಕಡೆಯ ಎಂ. ಸಿ. ಹಳ್ಳಿಯಲ್ಲಿಯೂ, ಉಳಿದವರಿಗೆ ಮೂಡಿಗೆರೆ ತಾಲ್ಲೂಕಿನ ಕೆಳಗೂರಿನಲ್ಲಿಯೂ ಭೂಮಿಯೂ ಮನೆಯ ನಿವೇಶನಗಳೂ ದೊರೆತವು. ಸರಕಾರದ ಅಧಿಕಾರಿಗಳೊಡನೆ ಸಂಬಳವಿಲ್ಲದೆ ಓಡಾಡಿ ಹಳ್ಳಿಗರಿಗೆ ನೆರವಾದವರಲ್ಲಿ ಚಿಕ್ಕಮಗಳೂರಿನ ಶ್ರೀ ಡಿ. ವಿ. ಗಿರೀಶರು ಪ್ರಮುಖರು. ಆಮೇಲೆ ಡಾ. ಕೃತಿ ಕಾರಂತರು ಈ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕಂಡು ಮಾತನಾಡಿಸಿ, 2006ರಲ್ಲಿ ಮತ್ತೊಮ್ಮೆ ವಿಚಾರಿಸಿ, ಸ್ಥಳಾಂತರದ ಫಲವೇನೆಂಬುದನ್ನು 2007ರಲ್ಲಿ ಪ್ರಕಟಿಸಿದರು. ಹುಟ್ಟಿದ ಊರನ್ನು ಬಿಡುವ ನೋವು ಸಣ್ಣದಲ್ಲ. ಆದರೂ ಈ ಸ್ಥಳಾಂತರವು ಬಹುಮಟ್ಟಿಗೆ ಸಫಲವಾಯಿತೆಂದು ಅವರ ಅಧ್ಯಯನವು ತೋರಿಸಿತು.

ಇದರಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದುಂಟು. ಇಂಥ ಕಾರ್ಯವು ಒಂದು ತಿಂಗಳಲ್ಲಿ ಆಗುವುದಲ್ಲ. ಜನರ ಭಾಷೆಯನ್ನು ಬಲ್ಲವರು, ಅವರ ಮನೆಯ ಜಗುಲಿಯಲ್ಲಿ ಕುಳಿತು ಮಾತು ಕೇಳಬಲ್ಲವರು, ಕೆಲಸ ಕೆಟ್ಟರೆ ಮರುದಿನವೂ ಅವರಿಗೆ ಮುಖ ತೋರಿಸಬೇಕಾದವರು ವರ್ಷಗಟ್ಟಲೆ ದುಡಿದರೇ ಇದು ಸಾಧ್ಯ. ಪರದೇಶದಿಂದ ಸ್ವಲ್ಪ ಕಾಲಕ್ಕೆ ಬಂದವರು ಇವರ ಕೈಕೆಳಗೆ ನಿಂತು ಸಹಾಯ ಮಾಡಬಹುದು. ಇವರ ಸ್ಥಾನವನ್ನು ತುಂಬಲಾರರು. ನಾವು ಪರದೇಶಕ್ಕೆ ಹೋದರೂ ನಮ್ಮ ಸ್ಥಿತಿ ಅದೇ.

ಸೇವೆಯ ಹೆಸರಿನಲ್ಲಿ ಕೆಡುಕೂ ನಡೆಯುತ್ತದೆ. ದಕ್ಷಿಣ ಆಫ್ರಿಕದ ಕೆಲವೆಡೆಗಳಲ್ಲಿ ಸಿಂಹದ ಮರಿಗಳನ್ನು ತಾಯಿಯಿಂದ ಬೇಗನೆ ಅಗಲಿಸಿ, ಹಣ ಕೊಟ್ಟು ಬಂದ ಸ್ವಯಂಸೇವಕರ ಕೈಯಲ್ಲಿ ಹಾಲು ಕುಡಿಸಿ ಬೆಳೆಸುತ್ತಾರೆ. ಮನುಷ್ಯರ ಭಯವನ್ನು ಕಳೆದುಕೊಂಡ ಅವು ಮತ್ತೆ ಕಾಡಿಗೆ ಹೋಗಿ ಬದುಕಲಾರವು. ದೊಡ್ಡವಾದ ಮೇಲೆ ಬೇಲಿಯೊಳಗೆ ಬಿಟ್ಟು ಬೇಟೆಗಾರರಿಗೆ ಮಾರಿದ ಉದಾಹರಣೆಗಳುಂಟು. ನೇಪಾಳ, ಕಾಂಬೋಡಿಯ ದೇಶಗಳಲ್ಲಿ, ತಂದೆತಾಯಿಗಳಿರುವ ಮಕ್ಕಳನ್ನೇ ಅನಾಥಾಲಯಗಳಿಗೆ ತಂದು, ಪರದೇಶದ ಕರುಣಾಳುಗಳಿಗೆ ತೋರಿಸಿ ಹಣ ಕೂಡಿಸಿದುದು ಬಯಲಾಗಿದೆ. ಹೋದವರ ಮನಸ್ಸು ಒಳ್ಳೆಯದೇ. ಆದರೆ ಅವರು ಪ್ರಶ್ನೆ ಕೇಳಲಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವುದು ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ ಹೊರಡುವ ಮುನ್ನ ಐದು ಪ್ರಶ್ನೆಗಳನ್ನು ಕೇಳತಕ್ಕದ್ದು. ನಾನು ತೆರುವ ಹಣ ಯಾರಿಗೆ ಎಷ್ಟು ಸೇರುತ್ತದೆ? ಈ ಕೆಲಸವನ್ನು ಆ ಊರಿನವರೇ ಕೂಲಿಗೆ ಮಾಡಬಹುದಾಗಿದ್ದರೆ, ನಾನು ಹೋಗಿ ಅವರ ಅನ್ನವನ್ನು ಕಸಿದುಕೊಂಡಂತಾಗುವುದಿಲ್ಲವೇ? ಯೋಜನೆಯನ್ನು ನಡೆಸುವವರಲ್ಲಿ ಆ ಊರಿನವರು ಇದ್ದಾರೆಯೇ? ನಾನು ಹಿಂದಿರುಗಿದ ಮೇಲೆ ಕೆಲಸವನ್ನು ಮುಂದುವರಿಸುವವರು ಯಾರು? ಮೃಗಗಳನ್ನು ಸಾಕುವ ಸ್ಥಳವಾದರೆ, ಅವು ಬೆಳೆದ ಮೇಲೆ ಎಲ್ಲಿಗೆ ಹೋಗುತ್ತವೆ? ಇವಕ್ಕೆ ಸ್ಪಷ್ಟವಾದ ಉತ್ತರ ಕೊಡುವ ಸಂಸ್ಥೆಯನ್ನು ನಂಬಬಹುದು.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಹೋಗಬೇಡಿರೆಂದು ನಾನು ಹೇಳುವವಳಲ್ಲ. ಬರಿಗೈಯಲ್ಲಿ ಹೋಗಬೇಡಿರೆಂದು ಮಾತ್ರ ಹೇಳುತ್ತೇನೆ. ಅಭ್ಯಾಸಕ್ಕೆ ನಮ್ಮ ಸುತ್ತಮುತ್ತಲೇ ಬೇಕಾದಷ್ಟು ಅವಕಾಶವಿದೆ. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಇನ್ನೂ ಮುಂದೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಪ್ರತಿವಾರವೂ ಅಲ್ಲಿ ಗೂಡುಗಳನ್ನು ಎಣಿಸಿ ಬರೆದಿಟ್ಟ ಹುಡುಗಿಯು ಯಾವ ದೇಶದ ಕಾಡಿನಲ್ಲಾದರೂ ಪ್ರಯೋಜನಕ್ಕೆ ಬರುವಳು. ಇನ್ನು ಭದ್ರಾವತಿಯವರಿಗೆ ಕಾಡಿನ ಋಣ ವಿಶೇಷವಾದುದು. 1923ರಲ್ಲಿ ಅಲ್ಲಿಯ ಕಬ್ಬಿಣದ ಕುಲುಮೆ ಉರಿಯತೊಡಗಿದಾಗ ಅದಕ್ಕೆ ಆಹಾರವಾದುದು ಕಲ್ಲಿದ್ದಲಲ್ಲ, ಸುತ್ತಲಿನ ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಲು. ಎಷ್ಟೋ ಮನೆಗಳ ಒಲೆ ಉರಿದುದು ಆ ಕಾಡಿನಿಂದ. ಆ ಸಾಲವನ್ನು ತೀರಿಸಲು ಮೊದಲು ಹೋಗಬೇಕಾದುದು ವಿಮಾನ ನಿಲ್ದಾಣಕ್ಕಲ್ಲ.

ಆ ಹುಡುಗಿಯು ಐದು ಪ್ರಶ್ನೆಗಳನ್ನೂ ಬರೆದು ಆ ಸ್ಥಳದವರಿಗೆ ಕಳುಹಿಸಿದಳು. ಹಣವನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಮರುದಿನವೇ ವಿವರವಾದ ಉತ್ತರ ಬಂದಿತು. ಮರಿಗಳು ಬೆಳೆದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಈವರೆಗೂ ಉತ್ತರ ಬಂದಿಲ್ಲ. ತಂದೆ ಸಾಲದ ಕಾಗದಕ್ಕೆ ರುಜು ಹಾಕಲಿಲ್ಲ. ಬರುವ ಹುಲಿಗಣತಿಗೆ ಸ್ವಯಂಸೇವಕರನ್ನು ಕರೆದರೆ ತಾನೂ ಹೆಸರು ಕೊಡುವೆನೆಂದು ಹೇಳಿ, ಅವಳು ಈಗ ದಿನವೂ ಮುಂಜಾನೆ ನಡೆಯುವುದನ್ನು ಅಭ್ಯಾಸಮಾಡುತ್ತಿದ್ದಾಳೆ.