ಟೈರಿನ ಗಾಳಿ ಇಳಿಸಿದರೆ ಎಳೆತ ಹೆಚ್ಚುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಹಳೇ ಟ್ರ್ಯಾಕ್ಟರುಗಳು ಭಾರ ಎಳೆಯುವ ಪಂದ್ಯದ ವಿಡಿಯೊ ನೋಡಿದೆ. ಹಿಂದಿನ ಟೈರುಗಳು ಗಾಳಿಯಿಲ್ಲದಂತೆ ಸುಕ್ಕುಗಟ್ಟಿದ್ದವು. ಬೇಕೆಂದೇ ಹಾಗೆ ಬಿಡುತ್ತಾರೆಯೇ?

ಉತ್ತರ: ಬೇಕೆಂದೇ. ಈ ಪಂದ್ಯದಲ್ಲಿ ಎಂಜಿನ್ನಿನ ತಾಕತ್ತು ಎಷ್ಟಿದ್ದರೂ ಟೈರು ಜಾರಿದರೆ ಮುಗಿಯಿತು. ಟ್ರ್ಯಾಕ್ಟರು ಮುಂದೆ ಸಾಗಿದಂತೆ, ಅದು ಎಳೆಯುವ ‘ಸ್ಲೆಡ್’ ಎಂಬ ಭಾರದ ಗಾಡಿಯ ಮೇಲಿನ ತೂಕದ ಪೆಟ್ಟಿಗೆಯೂ ಮುಂದಕ್ಕೆ ಸರಿಯುತ್ತದೆ; ಸ್ಲೆಡ್ಡಿನ ಮೂತಿ ನೆಲಕ್ಕೆ ಒತ್ತಿಕೊಂಡು ಭಾರ ಬಿಗಿಯುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ 300 ಅಡಿ ಎಳೆದರೆ ‘ಫುಲ್ ಪುಲ್’.

ಗಾಳಿ ಇಳಿಸಿದ ಟೈರು ಅಗಲವಾಗಿ ಕೂರುವುದರಿಂದ ಹೆಚ್ಚು ಹಲ್ಲುಗಳು ಮಣ್ಣು ಕಚ್ಚುತ್ತವೆ. ತೀರಾ ಇಳಿಸಿದರೆ ರಿಮ್ ಒಳಗೇ ತಿರುಗಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ! ಸವೆದ ಹಲ್ಲುಗಳ ಅಂಚನ್ನು ಕೊಯ್ದು ಹರಿತ ಮಾಡುವವರೂ ಉಂಟು. ಹಳೇ ಗಾಡಿಗಳ ಎಷ್ಟೋ ಪಂದ್ಯಗಳಲ್ಲಿ ಅದಕ್ಕೆ ನಿಷೇಧ, ಅದು ಸರಿಯೂ ಹೌದು. 1939ರಿಂದ 1952ರವರೆಗೆ ತಯಾರಾದ ‘ಫಾರ್ಮಾಲ್ ಎಂ’ನಂಥ ಗಾಡಿಯನ್ನು ಹೊಲದಲ್ಲಿ ದುಡಿದ ರೂಪದಲ್ಲೇ ನೋಡುವುದು ಚಂದ.

ಇನ್ನು, ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ಮುಂದೆ ಕಬ್ಬಿಣದ ತೂಕ ಕಟ್ಟುತ್ತಾರೆ. ಆದರೆ ಒಟ್ಟು ತೂಕ ಆಯಾ ವರ್ಗದ ಮಿತಿ ಮೀರಬಾರದು.

ಇದನ್ನು ನೋಡಿ ನಿಮ್ಮ ಟ್ರ್ಯಾಕ್ಟರಿನ ಗಾಳಿ ಇಳಿಸಿ ಟ್ರೈಲರ್ ಸಮೇತ ಡಾಂಬರು ರಸ್ತೆಗೆ ಇಳಿಯಬೇಡಿ. ಟೈರು ಕಾದು ಹಾಳಾಗುತ್ತದೆ.